ನನ್ನ ಪರೀಕ್ಷೆಗಾಗಿ ತೀರಿಕೊಂಡವರು

ಬಿ.ಎ. ಕೊನೆಯ ವರ್ಷದಲ್ಲಿ ನಾನು ನಪಾಸಾದದ್ದು ಒಂದೇ ಪೇಪರಿನಲ್ಲಿ, ಮನಃಶಾಸ್ತ್ರದಲ್ಲಿ. ಅದರಲ್ಲೂ ನನ್ನನ್ನು ಮುಳುಗಿಸಿದ್ದು ಒಂದೇ ಪಾಠ. ಅದರ ಹೆಸರು ಒತ್ತಡ ನಿರ್ವಹಣೆ. ಒತ್ತಡದ ಕಾರಣಗಳನ್ನೂ ಪರಿಹಾರಗಳನ್ನೂ ಉದಾಹರಣೆಸಹಿತ ಬರೆಯಿರಿ ಎಂದು ಕೇಳಿದ್ದರು. ಮೊದಲು ಕಾರಣ ಮುಗಿಸೋಣ ಎಂದು ಕುಳಿತೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ನಲ್ಲಿಯ ನೀರು, ಕೈ ತೋರಿಸಿದರೂ ನಿಲ್ಲದ ಬಸ್ಸು, ಕಾರ್ಖಾನೆಯ ಮುಕಾದಮ, ಗಂಡನ ಗೊರಕೆ, ಊರಿಂದ ಬಂದಾಗಲೆಲ್ಲ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವ ಅತ್ತೆ, ಒಂದೊಂದಕ್ಕೂ ಮನಸ್ಸು ಬಿಚ್ಚಿ ಉದಾಹರಣೆ ಕೊಟ್ಟೆ. ಹನ್ನೊಂದು ಪುಟ ತುಂಬಿತು. ‘ಪರಿಹಾರಗಳು’ ಎಂದು ಬರೆದು ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಇನ್ನೊಂದೇ ಸಲ ಬರೆಯಲು ಅವಕಾಶವಿತ್ತು. ಅದೂ ಕೈತಪ್ಪಿದರೆ ನೋಂದಣಿಯ ಅವಧಿ ಮುಗಿದು ಮೊದಲ ವರ್ಷದ ಮೊದಲ ಪುಸ್ತಕದಿಂದ ಮತ್ತೆ ಶುರು ಮಾಡಬೇಕು. ಟಾವೆಲ್ ಕಾರ್ಖಾನೆಯಲ್ಲಿ ದುಡಿಯುತ್ತ, ಅಕ್ಕಲಕೋಟದಲ್ಲಿದ್ದ ಮುಕ್ತ ವಿದ್ಯಾಪೀಠದ ಅಭ್ಯಾಸ ಕೇಂದ್ರಕ್ಕೆ ಹೋಗಿಬರುತ್ತ ಆರು ವರ್ಷ ಎಳೆದ ಓದು ಅದು. ಪದವಿ ತಗೊಂಡು ಏನು ಮಾಡುತ್ತೀ ಎಂದು ಗಂಡ ಕೇಳುತ್ತಿದ್ದ. ಏನೂ ಮಾಡುವುದಿರಲಿಲ್ಲ. ಹನ್ನೆರಡನೆಯ ಇಯತ್ತೆ ಮುಗಿದ ತಿಂಗಳಲ್ಲೇ ನನ್ನ ಮದುವೆ ಮಾಡಿದಾಗ, ಮುಂದೆ ಓದುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ಆ ಸಿಟ್ಟು ಹದಿನಾಲ್ಕು ವರ್ಷ ಆರದೆ ಉಳಿದಿತ್ತು, ಅದಕ್ಕೊಂದು ಸರ್ಟಿಫಿಕೇಟು ಬೇಕಾಗಿತ್ತು.

ನನ್ನ ಕೆಲಸ ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಮಗ್ಗದಿಂದ ಇಳಿದು, ತೊಳೆದು ಬಂದ ಬಿಳಿ ಟಾವೆಲ್‌ಗಳನ್ನು ಮೇಜಿನ ಮೇಲೆ ಹರಡಿ, ಕಲೆ ಇದೆಯೇ, ಎಳೆ ಬಿಟ್ಟಿದೆಯೇ ಎಂದು ನೋಡಿ ಮಡಚುವುದು. ಓದುತ್ತಿದ್ದೇನೆಂದು ಅಲ್ಲಿ ನಾನು ಹೇಳಿರಲಿಲ್ಲ. ನನಗಿಂತ ಮೊದಲು ಅದೇ ಮೇಜಿನಲ್ಲಿದ್ದ ಹುಡುಗಿ ಡಿಪ್ಲೊಮಾ ಮುಗಿಸಿ, ಮಾಲು ತುರ್ತಿದ್ದ ವಾರವೇ ಕೆಲಸ ಬಿಟ್ಟು ಹೋಗಿದ್ದಳಂತೆ. ಅಂದಿನಿಂದ ನಮ್ಮ ಮುಕಾದಮ, ಅಂದರೆ ನಮ್ಮ ವಿಭಾಗ ನೋಡಿಕೊಳ್ಳುವವರು, ಕೆಲಸ ಕೇಳಿ ಬಂದವರಿಗೆಲ್ಲ ಒಂದು ಮಾತು ಹೇಳುತ್ತಿದ್ದರು. “ಓದೂ ಮಂದಿ ನಮಗ ಬ್ಯಾಡ. ಅವರ ಕೈ ಇಲ್ಲಿರತೈತಿ, ಕಾಲ ಗೇಟನ್ಯಾಗಿರತೈತಿ.” ನಾನೂ ಅದನ್ನು ಕೇಳಿಸಿಕೊಂಡೇ ಕೆಲಸಕ್ಕೆ ಸೇರಿದವಳು.

ಹೀಗಾಗಿ ಪರೀಕ್ಷೆಗೆ ರಜೆ ಬೇಕೆಂದರೆ ಯಾರಾದರೂ ಸಾಯಬೇಕಾಗುತ್ತಿತ್ತು. ಮದುವೆಗೆ ಸುಟ್ಟಿ ಕೇಳಿದರೆ ಹತ್ತು ಪ್ರಶ್ನೆ ಹಾಕುವ ಮುಕಾದಮ ಸಾವಿಗೆ ಒಂದೂ ಹಾಕುತ್ತಿರಲಿಲ್ಲ. ಮೊದಲ ವರ್ಷದ ಪರೀಕ್ಷೆಗೆ ಹಿರಿಯ ಸೋದರಮಾವನನ್ನು ಕಳಿಸಿಕೊಟ್ಟೆ. ಎರಡನೆಯ ವರ್ಷಕ್ಕೆ ಇನ್ನಿಬ್ಬರು ಹೋದರು. ಅವರೆಲ್ಲ ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ, ಹೇಳಿದರೆ ನಗುತ್ತಾರೆ. ಕೊನೆಯ ವರ್ಷ ಆರು ಪೇಪರು, ಹತ್ತು ದಿನ ಬೇಕು. ಸೋದರಮಾವಂದಿರ ಸಾವಿಗೆ ಹತ್ತು ದಿನ ಕೊಡುವುದಿಲ್ಲ. ಬೇರೆ ದಾರಿ ಕಾಣದೆ ಅತ್ತೆಯನ್ನೇ ಕೊಂದೆ.

ಈ ವರ್ಷ ಉಳಿದದ್ದು ಒಂದೇ ಪೇಪರು. ಅದೂ ಹೋದ ವರ್ಷದಂತೆ ಮೇ ತಿಂಗಳಿನಲ್ಲೇ, ಒಂದೇ ದಿನ. ಅತ್ತೆಯ ವರ್ಷಶ್ರಾದ್ಧ ಎಂದು ಬರೆದುಕೊಟ್ಟೆ. ಮುಕಾದಮ ತಲೆಯಾಡಿಸಿ ಸಹಿ ಹಾಕಿದರು. ಸುಳ್ಳಿನಲ್ಲೂ ಒಂದು ಲೆಕ್ಕ, ಒಂದು ಶಿಸ್ತು ಇದೆ ಎಂದು ನನಗೆ ನನ್ನ ಮೇಲೆ ಅಭಿಮಾನವೇ ಬಂದಿತ್ತು.

ಅಷ್ಟರಲ್ಲಿ ತೀರಿಕೊಂಡವರು ಮನೆಗೆ ಬಂದರು. ಅತ್ತೆ ಇರುವುದು ವಾಗದರಿಯಲ್ಲಿ, ಹಿರಿಯ ಮಗನ ಕುಟುಂಬ ಮತ್ತು ಕುರಿಗಳ ಜೊತೆ. ಸೊಸೆ ಪುಸ್ತಕ ಹಿಡಿದರೆ ಅಳುತ್ತಾಳೆ ಎಂದು ನನ್ನ ಗಂಡ ಅವರಿಗೆ ಹೇಳಿಬಿಟ್ಟಿದ್ದ. ಪರೀಕ್ಷೆಗೆ ಒಂದು ತಿಂಗಳಿರುವಾಗ, ಯಾರೂ ಕರೆಯದೆ, ಜೋಳದ ಚೀಲವೊಂದನ್ನು ಹೊತ್ತುಕೊಂಡು ಅವರು ಎಸ್.ಟಿ. ಬಸ್ಸು ಇಳಿದರು. ನಮ್ಮ ಬಾಡಿಗೆ ಕೋಣೆಯಿಂದ ಕಾರ್ಖಾನೆಗೆ ಕಾಲು ಗಂಟೆಯ ದಾರಿ. ಇರುವ ಒತ್ತಡ ಸಾಲದೆಂಬಂತೆ, ಸತ್ತವರನ್ನು ಆ ದಾರಿ ತುಳಿಯದಂತೆ ಕಾಯುವ ಕೆಲಸವೂ ನನಗೆ ಅಂಟಿಕೊಂಡಿತು.

“ಬುತ್ತಿ ಬಿಟ್ಟು ಹೋಗಿದ್ದಿ. ತಂದು ಕೊಡೂಣು ಅಂದಿದ್ದೆ,” ಎನ್ನುತ್ತಿದ್ದರು.

“ಬ್ಯಾಡ ಅತ್ತಿ. ಹೊರಗಿನ ಮಂದೀನ ಒಳಗ ಬಿಡಂಗಿಲ್ಲ.”

“ನಾ ಹೊರಗಿನ ಮಂದಿ ಹೆಂಗಾಗ್ತೀನಿ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಹೇಳುವ ಹಾಗಿರಲಿಲ್ಲ.

ಪುಸ್ತಕದಲ್ಲಿ ಒತ್ತಡಕ್ಕೆ ಐದು ಪರಿಹಾರ ಹೇಳಿದ್ದರು. ವೇಳಾಪಟ್ಟಿ ಹಾಕಿಕೊಳ್ಳುವುದು, ದೀರ್ಘವಾಗಿ ಉಸಿರೆಳೆಯುವುದು, ವ್ಯಾಯಾಮ, ಹವ್ಯಾಸ, ಐದನೆಯದು ಕಷ್ಟವನ್ನು ಹತ್ತಿರದವರಲ್ಲಿ ಹೇಳಿಕೊಳ್ಳುವುದು. ಓದಿದ್ದನ್ನು ಮಾಡಿಯೂ ನೋಡೋಣ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಮೊಳೆ ಹೊಡೆದು ಹಾಕಿದೆ. ಅತ್ತೆ ಆ ಮೊಳೆಗೆ ಬಳ್ಳೊಳ್ಳಿಯ ಗೊಂಚಲು ತೂಗುಹಾಕಿದರು. ಕೆಲಸದ ನಡುವೆ ಉಸಿರೆಳೆದರೆ ಮೂಗಿನೊಳಗೆ ಹತ್ತಿಯ ಎಳೆ ಹೋಗಿ ಸಾಲಾಗಿ ಏಳೆಂಟು ಸೀನು ಬರುತ್ತಿದ್ದವು. ಎಂಟು ಗಂಟೆ ನಿಂತು ಟಾವೆಲ್ ಮಡಚುವವಳಿಗೆ ವ್ಯಾಯಾಮ ಮಾಡೆಂದು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಐದನೆಯದನ್ನು ಬಾಯಿಪಾಠ ಮಾಡಿದೆನೇ ಹೊರತು ಮಾಡಿ ನೋಡಲಿಲ್ಲ.

ಅತ್ತೆಯ ಶಾಸ್ತ್ರ ಬೇರೆಯಿತ್ತು. “ಕುರಿಗಿ ಟೆನ್ಶನ್ ಆತಂದ್ರ ಮೇಯೂದು ಬಿಡತೈತಿ,” ಎಂದರು ಒಂದು ದಿನ, ನನ್ನ ತಾಟಿನ ಮೂರನೆಯ ರೊಟ್ಟಿ ನೋಡುತ್ತ. “ನೀ ಚಂದಂಗ ಮೇಯಾಕತ್ತಿ. ನಿನಗೇನೂ ಆಗಿಲ್ಲ.”

ಹಾಗೆಂದರೂ ಅವರಿಗೆ ಒಳಗೊಳಗೆ ಚಿಂತೆ ಇತ್ತೆಂದು ಕಾಣುತ್ತದೆ. ಬೀರೋಬನ ಗುಡಿಯ ಭಂಡಾರವನ್ನು ಊರಿಂದ ಚೀಲದಲ್ಲಿ ಕಟ್ಟಿಕೊಂಡು ತಂದಿದ್ದರು. ನಮ್ಮಲ್ಲಿ ಭಂಡಾರವೆಂದರೆ ದೇವರ ಅರಿಶಿನ. ಮರಿ ಹಾಕಿದ ಕುರಿಗೂ ಅದೇ, ಹೊಸ ಮೋಟರ್ ಸೈಕಲ್ಲಿಗೂ ಅದೇ. ಪರೀಕ್ಷೆಗೆ ಎರಡು ದಿನವಿರುವಾಗ, ನಾನು ಕೆಲಸಕ್ಕೆ ಹೋದ ಮೇಲೆ, ಹಾಲ್ ಟಿಕೆಟ್ಟಿಗೆ, ಪೆನ್ನಿಗೆ ಬೊಟ್ಟಿಟ್ಟು, ಕೊನೆಗೆ ಮನಃಶಾಸ್ತ್ರದ ಪುಸ್ತಕ ಬಿಚ್ಚಿ, ಯಾವ ಪುಟದಿಂದ ಪ್ರಶ್ನೆ ಬರುತ್ತದೋ ತಮಗೆ ತಿಳಿಯದೆಂದು, ಪ್ರತಿ ಹಾಳೆಗೂ ಒಂದೊಂದು ಚಿಟಿಕೆ ಉದುರಿಸಿ ಮುಚ್ಚಿಟ್ಟರು. ನನಗೆ ಹೇಳಲಿಲ್ಲ. ದೇವರ ಕೆಲಸವನ್ನು ಡಂಗುರ ಸಾರಿ ಮಾಡುವುದಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಊಟದ ಹೊತ್ತು. ಎಲ್ಲರೂ ಹೊರಗೆ ಬೇವಿನ ನೆರಳಿಗೆ ಹೋಗಿದ್ದರು. ಐದು ಪರಿಹಾರವನ್ನು ಇನ್ನೊಮ್ಮೆ ನೋಡೋಣವೆಂದು ಮೇಜಿನ ಬಳಿ ನಿಂತು ಪುಸ್ತಕ ತೆಗೆದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಪುಸ್ತಕ ತೆರೆದದ್ದೇ ತಡ, ಹಳದಿ ಹೊಗೆ ಎದ್ದಿತು. ಕಣ್ಣು ಬಿಟ್ಟು ನೋಡಿದರೆ ಪ್ಯಾಕಿಂಗಿಗೆಂದು ಒಟ್ಟಿದ್ದ ಹೋಟೆಲ್ ಆರ್ಡರಿನ ಬಿಳಿ ಟಾವೆಲ್‌ಗಳ ಮೇಲೆಲ್ಲ ಬೀರೋಬನ ಆಶೀರ್ವಾದ.

ಆಗ ನಾನು ಮಾಡಿದ ಕೆಲಸ ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಅರಿಶಿನದಲ್ಲೇ ಹುಟ್ಟಿ ಬೆಳೆದವಳು ನಾನು. ಒಣ ಅರಿಶಿನವನ್ನು ಝಾಡಿಸಬೇಕು, ಸೋಪು ಮುಟ್ಟಿಸಬಾರದು ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಆದರೆ ಘಾಬರಿಯಲ್ಲಿ ಬುದ್ಧಿ ಮೇಯಲು ಹೋಗಿತ್ತು. ಮೇಲಿನ ಎರಡು ಡಜನ್ ಟಾವೆಲ್ ಎತ್ತಿಕೊಂಡು ಓಡಿಹೋಗಿ ಸೋಪಿನ ಪುಡಿಯ ಬಕೆಟ್ಟಿನಲ್ಲಿ ಅದ್ದಿ ಗಸಗಸ ತಿಕ್ಕಿದೆ. ಹಳದಿ ಇದ್ದದ್ದು ಕುಂಕುಮದ ಹಾಗೆ ಕೆಂಪಾಯಿತು.

ಮುಕಾದಮ ಬಂದು ನಿಂತರು. ಅವರ ಮನೆದೇವರು ಮೈಲಾರ, ಅವನ ಪ್ರಸಾದವೂ ಭಂಡಾರವೇ. ಮೇಜಿನ ಮೇಲೆ ಉದುರಿದ್ದ ಭಂಡಾರವನ್ನು ಮೊದಲು ಬೆರಳಿನಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡರು, ಕಣ್ಣು ಮುಚ್ಚಿ ಕೈ ಮುಗಿದರು, ಆಮೇಲೆ ಬೈಯಲು ಶುರು ಮಾಡಿದರು. ಪುಸ್ತಕ ನನ್ನ ಸೆರಗಿನೊಳಗಿತ್ತು. ಭಂಡಾರ ಎಲ್ಲಿಯದೆಂದು ಕೇಳಿದ್ದಕ್ಕೆ, ನಾಳೆಯ ಶ್ರಾದ್ಧದ್ದು ಎಂದೆ.

“ದೇವರದ ಐತಿ, ಅದಕ್ಕೇನೂ ಅನ್ನಂಗಿಲ್ಲ. ನಿನಗ ಅಂತೀನಿ,” ಎಂದರು. “ನಾಳಿ ಸಂಜೀಕ ಗಾಡಿ ಬರತೈತಿ. ಇವು ಇದ್ದಂಗ ಬೆಳ್ಳಗ ಆಗೂತನಾ ನಿನಗ ಸುಟ್ಟಿ ಇಲ್ಲ. ಸತ್ತವರಿಗೇನು ಗಡಿಬಿಡಿ ಇರತೈತಿ? ಒಂದಿನ ಕಾಯ್ತಾರ.”

ಪರೀಕ್ಷೆ ಮರುದಿನ ಮಧ್ಯಾಹ್ನ ಎರಡಕ್ಕೆ, ಅಕ್ಕಲಕೋಟದಲ್ಲಿ. ಅದು ಕಾಯುವುದಿಲ್ಲ.

ಮನೆಗೆ ಬಂದು ಅತ್ತೆಯ ಮೇಲೆ ಹರಿಹಾಯ್ದೆ. ನಿಮ್ಮ ಭಂಡಾರದಿಂದ ನನ್ನ ಆರು ವರ್ಷ ನೀರಿಗೆ ಹೋಯಿತು ಎಂದೆ. ಅವರು ಪೂರ್ತಿ ಕೇಳಿಸಿಕೊಂಡು, “ಅರಿಷಿಣಕ್ಕ ಸಬಕಾರ ಹಚ್ಚಿದೇನು?” ಎಂದು ಮಾತ್ರ ಕೇಳಿದರು. ಹೌದೆಂದೆ. “ಹದಿನೈದನೇ ಇಯತ್ತೆ ಓದಾಕತ್ತಿ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಒಲೆಯ ಕಡೆ ತಿರುಗಿದರು.

ಮರುದಿನ ಬೆಳಗ್ಗೆ ಏಳಕ್ಕೇ ಕಾರ್ಖಾನೆಗೆ ಹೋಗಿ ಆ ಟಾವೆಲ್‌ಗಳನ್ನು ಎರಡು ಸಲ ಜಾಲಿಸಿದೆ. ಕೆಂಪು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಎಂಟರ ಸುಮಾರಿಗೆ ಗೇಟಿನ ಕಡೆ ಸದ್ದಾಯಿತು. ತಿರುಗಿ ನೋಡಿದರೆ ಹಸಿರು ಸೀರೆಯ ಅತ್ತೆ, ಕೈಯಲ್ಲಿ ಲಿಂಬೆಹಣ್ಣಿನ ಚೀಲ, ಪಕ್ಕದಲ್ಲಿ ಮುಕಾದಮ. ನಾನು ಬಕೆಟ್ಟಿನ ಹಿಂದೆ ಕುಳಿತುಬಿಟ್ಟೆ. ಬಕೆಟ್ಟು ಸಣ್ಣದಿತ್ತು.

“ಈ ಬಾಯಿ ನಿನ್ನ ಅತ್ತಿ ಅಂತ ಹೇಳಾಕತ್ಯಾರ,” ಎಂದರು ಮುಕಾದಮ.

ನಾನು ಬಕೆಟ್ಟಿನೊಳಗಿನ ಟಾವೆಲ್ ಹಿಂಡತೊಡಗಿದೆ.

“ಹೌದ್ರಿ, ನಾನ ಅಕಿ ಅತ್ತಿ. ಇನ್ಯಾರ?” ಎಂದರು ಅತ್ತೆ.

“ಇಕಿ ಗಂಡಗ ಇಬ್ಬರ ತಾಯೇರು ಅದಾರೇನು?”

“ಒಬ್ಬಾಕೇ ರೀ. ಯಾಕ?”

“ಏನಿಲ್ಲರಿ. ಇವತ್ತ ನಿಮ್ಮ ವರ್ಷಶ್ರಾದ್ಧ ಐತಿ.”

ಅತ್ತೆ ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಾಂಕ್ರೀಟಿನ ನೆಲ, ಅದು ಬಾಯಿ ಬಿಡಲಿಲ್ಲ. ಬೇರೆ ಹೆಂಗಸಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು, ಅಪಶಕುನ ನುಡಿದವಳೆಂದು ನನ್ನ ಜಡೆ ಹಿಡಿಯುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಮುಕಾದಮರ ಕಡೆ ತಿರುಗಿದರು.

“ಹಂಗಾದ್ರ ನೀವೂ ಊಟಕ್ಕ ಬರ್ರಿ,” ಎಂದರು. “ಈಗ ಲಿಂಬಿಹಣ್ಣ ಕೊಯ್ಯಾಕ ಒಂದ ಚಾಕು ಕೊಡ್ರಿ.”

ಚಾಕು ಬಂತು. ಇಬ್ಬರೂ ಕುಳಿತು ಹಣ್ಣು ಹಿಂಡಿದೆವು. ಹುಳಿ ತಾಗಿದ ಕೂಡಲೇ ಕೆಂಪು ಮತ್ತೆ ಹಳದಿಯಾಯಿತು. “ಇನ್ನ ಬಿಸಲಿಗಿ ಹಾಕು. ಅರಿಷಿಣ ಬಿಸಲಿಗಿ ಅಂಜತೈತಿ,” ಎಂದು ಅತ್ತೆ ಹೇಳಿದರು. ತಾರಸಿಯ ಮೇಲೆ ಹಗ್ಗ ಕಟ್ಟಿ ಟಾವೆಲ್‌ಗಳನ್ನು ಹರಡಿದೆವು. ಅವರು ಅಷ್ಟು ಹೊತ್ತೂ ನನ್ನೊಡನೆ ಕೆಲಸದ ಮಾತು ಬಿಟ್ಟು ಒಂದಕ್ಷರ ಆಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹತ್ತೂವರೆಗೆ ಮುಕಾದಮ ಮೇಲೆ ಬಂದರು. ಟಾವೆಲ್‌ಗಳು ಇನ್ನೂ ತಿಳಿ ಹಳದಿ ಇದ್ದವು. ಹನ್ನೆರಡರ ಬಸ್ಸು ತಪ್ಪಿದರೆ ಎರಡಕ್ಕೆ ಅಕ್ಕಲಕೋಟ ಮುಟ್ಟುವುದಾಗುವುದಿಲ್ಲ. ಅತ್ತೆಯನ್ನೇ ಸಾಯಿಸಿದವಳು ಈಗ ಯಾರನ್ನು ಸಾಯಿಸಲಿ? ಇನ್ನು ಯಾರೂ ಉಳಿದಿರಲಿಲ್ಲ. ನಿಜ ಹೇಳಿದೆ. ಪರೀಕ್ಷೆ, ಕೊನೆಯ ಸಲ, ಆರು ವರ್ಷ, ಸೋದರಮಾವಂದಿರು, ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ.

ಮುಕಾದಮ ಹಗ್ಗದ ಮೇಲಿನ ಟಾವೆಲೊಂದನ್ನು ಮುಟ್ಟಿ ನೋಡಿದರು. “ಆ ಮೂವರಿಗೂ ನಾ ಮನಸಿನ್ಯಾಗ ಕೈ ಮುಗದಿದ್ದೆ,” ಎಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. “ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತು ನಿನಗ. ಪೇಪರ್ ಐತಿ ಅಂದಿದ್ರ ನಾ ಏನ ತಿನ್ನತಿದ್ದೆನು?”

ತಿನ್ನುತ್ತಿದ್ದರು ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಆ ಹೊತ್ತಿನಲ್ಲಿ ತಲೆ ತಗ್ಗಿಸಿದೆ.

“ಆದ್ರೂ ಮಾಲ ಬೆಳ್ಳಗ ಆಗದ ನಿನ್ನ ಬಿಟ್ರ ಮ್ಯಾಲಿನವರು ನನ್ನ ಕೇಳತಾರ,” ಎಂದರು.

“ಅಕಿ ಹೋಗಲಿ. ನಾ ಕೂಡತೀನಿ,” ಎಂದರು ಅತ್ತೆ. ಬೆಳಗ್ಗಿನಿಂದ ಅದು ಅವರ ಮೊದಲ ದೊಡ್ಡ ಮಾತು. “ತಾಸಿಗೊಮ್ಮಿ ನೀರ ಚಿಮಕಿಸಿ ಮಗ್ಗಲ ಬದಲ ಮಾಡಬೇಕು, ಅಷ್ಟ. ನಾಕನೂರ ಕುರಿ ಕಾದೀನಿ ರೀ ನಾ. ಇವು ಓಡಿ ಹೋಗಂಗಿಲ್ಲ.”

ಮೇ ತಿಂಗಳ ಸೊಲ್ಲಾಪುರದ ಬಿಸಿಲಿನಲ್ಲಿ, ನೆರಳಿಲ್ಲದ ತಾರಸಿಯ ಮೇಲೆ, ಅರವತ್ತು ದಾಟಿದ ಹೆಂಗಸನ್ನು ಕೂರಿಸಿ ಹೋಗಲು ನನ್ನ ಕಾಲು ಏಳಲಿಲ್ಲ. ಅವರು ಒಂದು ಹಸಿ ಟಾವೆಲ್ ಎತ್ತಿ ತಲೆಯ ಮೇಲೆ ಹಾಕಿಕೊಂಡು ನೀರಿನ ಟಾಕಿಯ ಗೋಡೆಗೆ ಒರಗಿ ಕುಳಿತರು. “ಬಸ್ಸ ತಪ್ಪತೈತಿ, ನಡಿ,” ಎಂದರು. ನಾನು ನಡೆದೆ.

ಅಕ್ಕಲಕೋಟದ ಹಾಲಿನಲ್ಲಿ ಕುಳಿತಾಗ ನನ್ನ ಬೆರಳುಗಳು ಹಳದಿ, ಮೈಯೆಲ್ಲ ಲಿಂಬೆಯ ವಾಸನೆ. ಹಾಲ್ ಟಿಕೆಟ್ಟಿನ ಮೇಲೂ ಭಂಡಾರ ನೋಡಿದ ಮೇಲ್ವಿಚಾರಕಿ, ಮದುವೆಮನೆಯ ಅರಿಶಿನದ ಕಾರ್ಯಕ್ರಮದಿಂದ ನೆಟ್ಟಗೆ ಬಂದಿರೇನು ಎಂದು ಮರಾಠಿಯಲ್ಲಿ ಕೇಳಿದರು. ಪ್ರಶ್ನೆಪತ್ರಿಕೆ ಬಂತು. ಒತ್ತಡದ ಪರಿಹಾರಗಳನ್ನು ಸ್ವಂತ ಅನುಭವದ ಉದಾಹರಣೆಯೊಂದಿಗೆ ವಿವರಿಸಿ. ಈ ಸಲ ಕಾರಣಗಳ ಗೋಜಿಗೇ ಹೋಗಲಿಲ್ಲ. ಮೊದಲ ನಾಲ್ಕು ಪರಿಹಾರವನ್ನು ಪುಸ್ತಕದಲ್ಲಿದ್ದಂತೆ ಒಪ್ಪಿಸಿ, ಐದನೆಯದಕ್ಕೆ ಬಂದಾಗ ಪೆನ್ನು ತಾನಾಗಿ ಓಡಿತು. ತಾರಸಿ, ಹಗ್ಗ, ಟಾವೆಲ್, ಕುಳಿತ ಹೆಂಗಸು, ಎಲ್ಲವನ್ನೂ ಬರೆದೆ. ನಾನು ಪಾಸಾದೆ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಈ ವಿಷಯದಲ್ಲಿ ಪಾಸಾದವಳು ಓದುಗರಿಗೆ ಟೆನ್ಶನ್ ಕೊಡಬಾರದು.

ಸಂಜೆ ಆರೂವರೆಗೆ ಕಾರ್ಖಾನೆಯ ಮುಂದೆ ಬಸ್ಸಿನಿಂದ ಇಳಿದೆ. ಗಾಡಿ ಮಾಲು ಹೇರಿಕೊಂಡು ಹೋಗಿಯಾಗಿತ್ತು. ಟಾವೆಲ್‌ಗಳು ಮೂರು ಗಂಟೆಗೇ ಬೆಳ್ಳಗಾದವಂತೆ. ಮುಕಾದಮ ತಾವೇ ಎರಡು ಸಲ ಮೇಲೆ ಚಹಾ ಕಳಿಸಿದ್ದರಂತೆ. ಅತ್ತೆ ಗೇಟಿನ ಬಳಿ ಕಟ್ಟೆಯ ಮೇಲೆ ಕುಳಿತಿದ್ದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು. ಎಲ್ಲ ಬರೆದೆಯಾ ಎಂದು ಕೇಳಿದರು. ಬರೆದೆ ಎಂದೆ. ಇಬ್ಬರೂ ರಸ್ತೆಯ ಬದಿ ಹಿಡಿದು ನಡೆದೆವು.

ಸ್ವಲ್ಪ ದೂರ ಹೋದ ಮೇಲೆ ಕೇಳಿದರು. “ಹೋದ ವರ್ಷ ನಾ ಹೆಂಗ ಸತ್ತೆ?”

“ನಿದ್ದ್ಯಾಗ ಹೋದ್ರು ಅಂತ ಹೇಳಿದ್ದೆ ಅತ್ತಿ.”

“ಛಲೋ ಆತು. ತ್ರಾಸ ಆಗಲಿಲ್ಲ.” ಮತ್ತೆ ನಾಲ್ಕು ಹೆಜ್ಜೆ. “ಆವತ್ತ ನೀ ಭಾಳ ಅತ್ತಿಯಂತ. ಮುಕಾದಮ ಹೇಳಿದ. ವಾಚಮನ್ ನೀರ ತಂದು ಕೊಟ್ಟನಂತ. ನಾಟಕ ಛಲೋ ಬರತೈತಿ ನಿನಗ.”

ಅದು ನಾಟಕವಾಗಿಯೇ ಶುರುವಾಗಿತ್ತು ಎಂದು ಹೇಳಿದೆ. ಸುಟ್ಟಿ ಸಿಗಲೆಂದು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದೆ. ಆದರೆ ಅತ್ತೆ ಹೋದರು ಎಂಬ ಮಾತು ನನ್ನ ಬಾಯಿಂದಲೇ ಹೊರಬಿದ್ದು ನನ್ನ ಕಿವಿಗೇ ಬಿದ್ದಾಗ ನಿಜವಾದ ಅಳು ಬಂತು. ಆಮೇಲೆ ನಿಲ್ಲಿಸಲು ನೋಡಿದರೂ ಅಳು ನಿಲ್ಲಲಿಲ್ಲ. ಸುಟ್ಟಿ ಕೊಟ್ಟ ಮೇಲೂ ನಿಲ್ಲಲಿಲ್ಲ.

ಅತ್ತೆ ನಿಂತರು. “ಆವತ್ತ ಮಧ್ಯಾಹ್ನ ನೀ ಫೋನ ಮಾಡಿದ್ದಿ,” ಎಂದರು. “ನಾ ಹಲೋ ಹಲೋ ಅಂದೆ. ನೀ ಏನೂ ಅನ್ನಲಿಲ್ಲ, ಇಟ್ಟಬಿಟ್ಟಿ. ರೇಂಜ್ ಇಲ್ಲ ಅಂತ ನಾ ತಿಳದೆ.”

ಹೌದು, ನಿಮ್ಮ ಧ್ವನಿ ಕೇಳಿದರೆ ಸಾಕಾಗಿತ್ತು ಎನ್ನಬೇಕೆಂದುಕೊಂಡೆ. ಸಕ್ಕರೆ ಕಾರ್ಖಾನೆಗೋ ಎಲ್ಲಿಗೋ ಹೋಗುವ ಲಾರಿಗಳು ಧೂಳೆಬ್ಬಿಸುತ್ತಿದ್ದ ಆ ರಸ್ತೆಯಲ್ಲಿ ನಿಂತು ಮತ್ತೆ ಅಳತೊಡಗಿದೆ. ಈ ಸಲ ಸುಟ್ಟಿಯ ಅಗತ್ಯವೂ ಇರಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದರು. ಅವರ ಅಂಗೈ ಇನ್ನೂ ಸುಡುತ್ತಿತ್ತು.

“ಇದ್ದೀನಲ್ಲ,” ಎಂದರು. “ನಡಿ ಮನಿಗಿ.”